ಮರದ ಸ್ಥಿರೀಕರಣ

ಮರದ ಸ್ಥಿರೀಕರಣವು ಮೃದುವಾದ ಅಥವಾ ಶಿಥಿಲಗೊಂಡ ಮರದ ಸೂಕ್ಷ್ಮ ರಂಧ್ರಗಳಲ್ಲಿ ದ್ರವರೂಪದ ರಾಳವನ್ನು ತುಂಬಿ ಗಟ್ಟಿಗೊಳಿಸುವ ವಿಧಾನವಾಗಿದೆ. ಪೆನ್ನು, ಚಾಕುವಿನ ಹಿಡಿ ಮೊದಲಾದ ಸಣ್ಣ ವಸ್ತುಗಳ ತಯಾರಿಕೆಯಲ್ಲಿ ಇಂತಹ ಮರವನ್ನು ಬಳಸಲಾಗುತ್ತದೆ.

ವಿಧಾನ

ತೂಕ ಇಳಿಯುವುದು ನಿಲ್ಲುವವರೆಗೆ ಮರದ ತುಂಡನ್ನು ಓವನ್‌ನಲ್ಲಿ ಒಣಗಿಸಲಾಗುತ್ತದೆ. ತೇವ ಉಳಿದಲ್ಲಿ ರಾಳ ಸರಿಯಾಗಿ ಒಳಸೇರುವುದಿಲ್ಲ. ತಣಿದ ತುಂಡನ್ನು ರಾಳದಲ್ಲಿ ಮುಳುಗಿಸಿ, ನಿರ್ವಾತ ಪಂಪಿನಿಂದ ಗಾಳಿಯನ್ನು ಹೊರತೆಗೆಯಲಾಗುತ್ತದೆ. ಗುಳ್ಳೆಗಳು ನಿಂತ ಬಳಿಕ ಪಾತ್ರೆಗೆ ಗಾಳಿ ಬಿಟ್ಟಾಗ, ಅದರ ಒತ್ತಡವು ರಾಳವನ್ನು ಮರದೊಳಗೆ ತಳ್ಳುತ್ತದೆ. ಕೆಲವು ಗಂಟೆ ನೆನೆಸಿ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ರಾಳ ಗಟ್ಟಿಯಾಗುತ್ತದೆ. ಬೀಟೆಯಂತಹ ಸಾಂದ್ರ ಮರಗಳು ರಾಳವನ್ನು ಕಡಿಮೆ ಹೀರುತ್ತವೆ.

ಅರಗಿನ ಲೇಪನ

ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಅರಗು ಕೀಟಗಳು ಸ್ರವಿಸುವ ರಾಳ. ತಿರುಗುತ್ತಿರುವ ಹಾಲೆ ಮರಕ್ಕೆ ಒತ್ತಿದಾಗ ಅದು ಘರ್ಷಣೆಯ ಶಾಖಕ್ಕೆ ಕರಗಿ ಮೇಲ್ಮೈಗೆ ಅಂಟುತ್ತದೆ. ಇದರಿಂದ ಬಣ್ಣ ಹಾಗೂ ಹೊಳಪು ಬರುತ್ತವೆ. ಆದರೆ ಒಳಗಿನ ಮರ ಗಟ್ಟಿಯಾಗುವುದಿಲ್ಲ. ಆದ್ದರಿಂದ ಇದು ಸ್ಥಿರೀಕರಣಕ್ಕಿಂತ ಭಿನ್ನವಾಗಿದೆ.