ಓಟದ ಆಟಗಳ ಸಂಗೀತ ಮತ್ತು ಹಳಹಳಿಕೆ: ‘ಟಾಪ್ ಗೇರ್’ ಒಂದು ನಿದರ್ಶನ

ವೀಡಿಯೋ ಆಟಗಳೂ ಇತಿಹಾಸದ ಅಧ್ಯಯನವಸ್ತುವೇ ಎಂದು ಕೇಳಿ ನಗುವವರುಂಟು. ಆದರೆ ಕಳೆದ ಶತಮಾನದ ಕೊನೆಯ ದಶಕದಲ್ಲಿ ಬಾಲ್ಯವನ್ನು ಕಳೆದ ಒಂದು ತಲೆಮಾರು ಆ ಕಾಲದ ಕಾರೋಟದ ಆಟಗಳನ್ನೂ ಅವುಗಳ ರಾಗಗಳನ್ನೂ ಇಂದಿಗೂ ಹಂಬಲಿಸಿ ನೆನೆಯುತ್ತಿರುವುದು ಸುವಿದಿತ. ಈ ಹಳಹಳಿಕೆಯನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕದೆ ಒಂದು ಆಧಾರವಾಗಿ ಪರಿಶೀಲಿಸಬಹುದೆಂಬುದು ನಮ್ಮ ಅಭಿಪ್ರಾಯ.

1990ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ, ನಿಂಟೆಂಡೋ ಸಂಸ್ಥೆಯ ಸೂಪರ್ ಫ್ಯಾಮಿಕಾಂ ಯಂತ್ರದ ಧ್ವನಿವಿಭಾಗವನ್ನು ರೂಪಿಸಿದವರು ಸೋನಿಯ ಕೆನ್ ಕುತರಾಗಿ. ಅದಕ್ಕಿದ್ದ ಸ್ಮೃತಿಕೋಶ 64 ಕಿಲೋಬೈಟ್. ಏಕಕಾಲಕ್ಕೆ ನುಡಿಯಬಲ್ಲ ಧ್ವನಿಗಳು 8. ವಾದ್ಯಗಳ ಧ್ವನಿತುಣುಕುಗಳೆಲ್ಲ ಇಷ್ಟರೊಳಗೇ ಅಡಗಬೇಕಿತ್ತು; ಇಂಜಿನ್ನಿನ ಮೊರೆತಕ್ಕೂ ಆ ಎಂಟರಲ್ಲೇ ಪಾಲು. ಮೇಲಾಗಿ, ಆಡುವವನು ಎಷ್ಟು ಹೊತ್ತಿನಲ್ಲಿ ಓಟವನ್ನು ಮುಗಿಸುವನೆಂಬುದು ಸಂಗೀತರಚಕನಿಗೆ ತಿಳಿಯದು. ಆದುದರಿಂದ ರಾಗಕ್ಕೆ ಮುಕ್ತಾಯವೇ ಇಲ್ಲ; ಪಲ್ಲವಿಗೆ ಮರಳುವ ಕೀರ್ತನೆಯಂತೆ ಅದು ಮೊದಲಿಗೇ ಹಿಂದಿರುಗುತ್ತದೆ. ಸುತ್ತುಸುತ್ತಿಗೂ ಅದೇ ತಿರುವು, ಅದೇ ಸ್ವರ. ಹೀಗೆ ಹಾದಿಯೂ ರಾಗವೂ ಸ್ಮರಣೆಯಲ್ಲಿ ಬೆಸೆದುಕೊಂಡುಬಿಡುತ್ತವೆ.

1992ರಲ್ಲಿ ಇಂಗ್ಲೆಂಡಿನ ಗ್ರೆಮ್ಲಿನ್ ಸಂಸ್ಥೆ ಈ ಯಂತ್ರಕ್ಕೆಂದೇ ರಚಿಸಿದ ‘ಟಾಪ್ ಗೇರ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಪರದೆ ಸದಾ ಎರಡು ಪಾಲು. ಒಬ್ಬನೇ ಆಡಿದರೂ ಪಾಲು ತಪ್ಪದು. ಇಂಧನ ತೀರುವ ಮುನ್ನ ನಿಲ್ಲಬೇಕು. ಮಿಂಚುವೇಗದ ನೈಟ್ರೋ ಓಟಕ್ಕೆ ಮೂರೇ ಬಾರಿ. ಸಂಗೀತ ಸ್ಕಾಟ್ಲೆಂಡಿನ ಬ್ಯಾರಿ ಲೀಚ್ ಅವರದು. ಅದರಲ್ಲಿ ಕೆಲವು ರಾಗಗಳು ಹಿಂದಿನ ‘ಲೋಟಸ್’ ಆಟಗಳಿಂದ ಬಂದವು. ಹಂಬಲಿಸುವವರು ಮೂಲವೆಂದು ಭಾವಿಸುವುದೇ ಒಂದು ಮರುರೂಪವೆಂದಾಯಿತು! ಈ ಆಟಕ್ಕೆ ವಿಶೇಷ ಆದರ ದೊರೆತದ್ದು ದೂರದ ಬ್ರೆಜಿಲ್ ದೇಶದಲ್ಲಿ. 2015ರಲ್ಲಿ ಅಲ್ಲಿನ ಪೋರ್ಟೋ ಅಲೆಗ್ರೆ ನಗರದ ಅಕ್ವಿರಿಸ್ ಸಂಸ್ಥೆ ಅದೇ ಧಾಟಿಯ ‘ಹೊರೈಜನ್ ಚೇಸ್’ ಆಟವನ್ನು ಹೊರತಂದಾಗ, ಸಂಗೀತವನ್ನು ಲೀಚ್ ಅವರಿಂದಲೇ ಮಾಡಿಸಿತು. ಬಾಲ್ಯದ ನೆನಪೊಂದು ಹೊಸ ಕೃತಿಗೆ ಕಾರಣವಾದುದನ್ನು ಇಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ.

ಸಂರಕ್ಷಣೆಯ ಪ್ರಶ್ನೆ ಮಾತ್ರ ಜಟಿಲವಾದುದು. ಆಟದ ಕಡತವನ್ನು ಗಣಕಕ್ಕೆ ಪ್ರತಿಮಾಡಿಕೊಂಡ ಮಾತ್ರಕ್ಕೆ ಆಟ ಉಳಿಯಿತೆನ್ನಲಾಗದು. ಪಿಕ್ಚರ್ ಟ್ಯೂಬಿನ ಟೆಲಿವಿಷನ್ನಿನಲ್ಲಿ ಗುಂಡಿ ಒತ್ತಿದೊಡನೆ ತಿರುಗುತ್ತಿದ್ದ ಕಾರು, ಚಪ್ಪಟೆ ಪರದೆಗಳಲ್ಲಿ ಅನೇಕವೇಳೆ ತುಸು ತಡೆದು ತಿರುಗುತ್ತದೆ. ಹಳೆಯ ಯಂತ್ರವನ್ನು ಗಣಕದಲ್ಲಿ ಅನುಕರಿಸುವ ಮೊದಮೊದಲ ತಂತ್ರಾಂಶಗಳು ಧ್ವನಿಯನ್ನು ಯಥಾವತ್ತಾಗಿ ನುಡಿಸುತ್ತಿರಲಿಲ್ಲ. ಅವುಗಳಲ್ಲಿ ಆಡಿದವನ ನೆನಪಿನ ರಾಗವೇ ಬೇರೆ. ಆದಕಾರಣ ಆಡಿದವರ ಮಾತುಗಳನ್ನು, ಯಾವ ಯಂತ್ರ, ಯಾವ ಪರದೆ, ಪಕ್ಕದಲ್ಲಿ ಕುಳಿತವರು ಯಾರು ಎಂಬ ವಿವರಗಳೊಡನೆ, ಈಗಲೇ ಬರೆದಿಟ್ಟುಕೊಳ್ಳಬೇಕು. ಆ ತಲೆಮಾರಿಗೆ ನಲವತ್ತು ದಾಟುತ್ತಿದೆ. ಸಾಕ್ಷಿಗಳು ಇನ್ನೂ ಕೈಗೆ ಸಿಗುವರು.