ಕೋಡ್ ಬರೆಯುವ ಯಂತ್ರ, ಕೆಲಸ ಹುಡುಕುವ ಪದವೀಧರ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ, ಮಾಹಿತಿ ತಂತ್ರಜ್ಞಾನದ ಉದ್ಯೋಗವನ್ನು ಕುರಿತ ಎರಡು ಪರಸ್ಪರ ವಿರುದ್ಧ ನಂಬಿಕೆಗಳು ಕರ್ನಾಟಕದಲ್ಲಿ ಒಟ್ಟೊಟ್ಟಿಗೆ ಬೆಳೆದಿವೆ. ಯಂತ್ರವೇ ಕೋಡ್ ಬರೆಯುವುದರಿಂದ ಕಂಪ್ಯೂಟರ್ ಸೈನ್ಸ್ ಓದಿದವರ ಕಾಲ ಮುಗಿಯಿತು ಎಂಬುದು ಒಂದು. ಹೆಸರಿನಲ್ಲಿ ಎಐ ಎಂಬ ಎರಡಕ್ಷರವಿರುವ ಕೋರ್ಸ್ ಒಂದನ್ನು ಮುಗಿಸಿದರೆ ದೊಡ್ಡ ಪ್ಯಾಕೇಜ್ ಖಚಿತ ಎಂಬುದು ಇನ್ನೊಂದು. ಸಿಇಟಿ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಒಂದೇ ಮನೆಯಲ್ಲಿ ಈ ಎರಡೂ ಮಾತುಗಳು ಕೇಳಿಬರುವುದು ವಿಚಿತ್ರವಾದರೂ ಅಪರೂಪವಲ್ಲ.

ಮೊದಲನೆಯ ನಂಬಿಕೆ ಹೊಸದೇನೂ ಅಲ್ಲ. 1952ರಲ್ಲಿ ಗ್ರೇಸ್ ಹಾಪರ್ ಅವರು ಎ-0 ಎಂಬ ವ್ಯವಸ್ಥೆಯನ್ನು ರೂಪಿಸಿದಾಗ, 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡ ಐಬಿಎಂನಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗ, ಯಂತ್ರಕ್ಕೆ ಅರ್ಥವಾಗುವ ಸೂಚನೆಗಳನ್ನು ಒಂದೊಂದಾಗಿ ಕೈಯಿಂದ ಬರೆಯುತ್ತಿದ್ದವರ ಶ್ರಮದ ಬಹುಭಾಗವನ್ನು ಕಂಪೈಲರ್, ಅಂದರೆ ಮನುಷ್ಯರಿಗೆ ಓದಲು ಸುಲಭವಾದ ಭಾಷೆಯಿಂದ ಯಂತ್ರಭಾಷೆಗೆ ಪರಿವರ್ತಿಸುವ ಪ್ರೋಗ್ರಾಮ್, ತಾನೇ ವಹಿಸಿಕೊಂಡಿತು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಯನ್ನು ಬಹುಮಟ್ಟಿಗೆ ಇಂಗ್ಲಿಷ್ ವಾಕ್ಯಗಳ ಮಾದರಿಯಲ್ಲೇ ಕಟ್ಟಲಾಯಿತು. ವ್ಯವಸ್ಥಾಪಕರೂ ಅದನ್ನು ಓದಿ ತಿಳಿಯಬಲ್ಲರು ಎಂಬ ನಿರೀಕ್ಷೆ ಅದರ ಹಿಂದಿತ್ತು. ಆದರೆ ಬರೆಯುವುದು ಸುಲಭವಾದಷ್ಟೂ ಬರೆಯಬೇಕಾದ ತಂತ್ರಾಂಶ ಹೆಚ್ಚುತ್ತ ಹೋಯಿತೇ ಹೊರತು ಪ್ರೋಗ್ರಾಮರುಗಳ ಸಂಖ್ಯೆ ಕುಗ್ಗಲಿಲ್ಲ. ಈ ಇತಿಹಾಸವನ್ನು ಅಭಯವೆಂದು ತಿಳಿಯುವುದೂ ಸರಿಯಲ್ಲ. ಕಂಪೈಲರ್ ಒಂದು ನಿಯಮಬದ್ಧ ಸಾಧನ. ಕೊಟ್ಟ ಸೂಚನೆಯ ಅರ್ಥವನ್ನು ಅದು ಬದಲಿಸುವುದಿಲ್ಲ. ಇಂದಿನ ಭಾಷಾ ಮಾದರಿಗಳು ಅಪಾರ ಪಠ್ಯರಾಶಿಯಿಂದ ಕಲಿತು, ಮುಂದೆ ಬರಬಹುದಾದ ಟೋಕನ್, ಅಂದರೆ ಪದ ಅಥವಾ ಪದದ ತುಣುಕು, ಯಾವುದೆಂಬುದನ್ನು ಸಂಭವನೀಯತೆಯ ಆಧಾರದ ಮೇಲೆ ಆರಿಸುತ್ತ ಹೋಗುತ್ತವೆ. ಆದ್ದರಿಂದ ಅವು ಬರೆದ ಕೋಡ್ ಸರಿಯಿರುವ ಸಾಧ್ಯತೆ ಹೆಚ್ಚಿದ್ದರೂ ಸರಿಯಿದೆ ಎಂಬ ಖಾತರಿ ಇರುವುದಿಲ್ಲ, ಮತ್ತು ತಪ್ಪಿದ್ದಾಗಲೂ ಅದು ನೋಡುವವರ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಇದನ್ನು ಒಂದು ಚಿಕ್ಕ ಉದಾಹರಣೆಯಿಂದ ನೋಡಬಹುದು. ಅರ್ಜಿಯೊಂದರಲ್ಲಿ ಹೆಸರು ದೀರ್ಘವಾಗಿದ್ದರೆ ಮೊದಲ ಐದು ಅಕ್ಷರಗಳನ್ನು ಮಾತ್ರ ಗುರುತಿನ ಚೀಟಿಯ ಮೇಲೆ ಮುದ್ರಿಸುವ ಕೋಡ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಯಂತ್ರವನ್ನು ಕೇಳಿದರೆ ಕ್ಷಣಾರ್ಧದಲ್ಲಿ ಒಂದು ಸಾಲು ಬರುತ್ತದೆ. ಜೊತೆಗೆ ಪರೀಕ್ಷೆಗಳನ್ನೂ ಬರೆದುಕೊಡು ಎಂದರೆ ರೋಮನ್ ಲಿಪಿಯ ನಾಲ್ಕು ಹೆಸರುಗಳನ್ನಿಟ್ಟು ಬರೆದುಕೊಡುತ್ತದೆ, ನಾಲ್ಕೂ ಪಾಸಾಗುತ್ತವೆ. ಈಗ ‘ಲಕ್ಷ್ಮಿ’ ಎಂಬ ಹೆಸರನ್ನು ಕೊಟ್ಟರೆ ಚೀಟಿಯ ಮೇಲೆ ‘ಲಕ್ಷ್’ ಎಂದಷ್ಟೇ ಅಚ್ಚಾಗುತ್ತದೆ. ಓದುವವರಿಗೆ ‘ಲಕ್ಷ್ಮಿ’ ಎರಡೇ ಅಕ್ಷರದ ಹೆಸರು. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿರುವ ವ್ಯವಸ್ಥೆ, ಅದನ್ನು ಲ, ಕ, ಹಲಂತ ಚಿಹ್ನೆ, ಷ, ಮತ್ತೊಂದು ಹಲಂತ ಚಿಹ್ನೆ, ಮ, ಇಕಾರದ ಗುಡಿಸು ಎಂದು ಏಳು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ. ಯುಟಿಎಫ್-8 ಎಂಬ ಬಹುಬಳಕೆಯ ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಅದೇ ಹೆಸರು 21 ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಹೀಗೆ ಎರಡು, ಏಳು, ಇಪ್ಪತ್ತೊಂದು ಎಂಬ ಮೂರು ಉತ್ತರಗಳೂ ಅವುಗಳ ಮಟ್ಟಿಗೆ ಸರಿಯೇ ಆಗಿರುವಾಗ, ಈ ಅರ್ಜಿಗೆ ಬೇಕಾದ ಉತ್ತರ ಯಾವುದು ಎಂದು ನಿರ್ಧರಿಸಬೇಕಾದವರು ಆ ಪ್ರಶ್ನೆಯನ್ನು ಮೊದಲು ಕೇಳಬಲ್ಲವರಾಗಿರಬೇಕು. ಕೇಳಿದ ಮೇಲೆ ಯಂತ್ರವೂ ಸರಿಯಾದ ಪರಿಹಾರವನ್ನು ಬರೆದುಕೊಡುತ್ತದೆ ಎಂಬುದನ್ನು ಇಲ್ಲಿ ಒಪ್ಪಲೇಬೇಕು. ಪ್ರಾಥಮಿಕ ಶಾಲೆಯಲ್ಲಿ ಒತ್ತಕ್ಷರವನ್ನು ಸರಿಯಾಗಿ ಕಲಿತ ವಿದ್ಯಾರ್ಥಿಗೆ ಈ ಲೋಪ ಬೇಗ ಹೊಳೆಯುತ್ತದೆ ಎಂಬುದು ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನೇ ಕೊರತೆಯೆಂದು ಅಳುಕುವವರು ಗಮನಿಸಬೇಕಾದ ಸಂಗತಿ.

‘ಎಐ ಇದ್ದರೆ ಕೆಲಸ ವೇಗವಾಗಿ ಮುಗಿಯುತ್ತದೆ’ ಎಂಬ ಮಾತನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಪ್ರೋಗ್ರಾಮರುಗಳಿಂದ, ಅವರೇ ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ತಂತ್ರಾಂಶಗಳ 246 ಕೆಲಸಗಳಲ್ಲಿ ಕೆಲವನ್ನು ಎಐ ನೆರವಿನಿಂದ, ಕೆಲವನ್ನು ನೆರವಿಲ್ಲದೆ ಮಾಡಿಸಿ ಸಮಯ ಅಳೆಯಿತು. ನೆರವಿದ್ದಾಗ ತಮ್ಮ ಕೆಲಸ ಶೇ. 20ರಷ್ಟು ಬೇಗ ಮುಗಿಯಿತೆಂದು ಅವರು ಭಾವಿಸಿದ್ದರು. ಗಡಿಯಾರದ ಪ್ರಕಾರ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಇದು ಚಿಕ್ಕ ಅಧ್ಯಯನ, ಆ ವರ್ಷದ ಆರಂಭದ ಸಾಧನಗಳಿಗೆ ಸೀಮಿತವಾದದ್ದು, ಹೊಸಬರಿಗೂ ಹೊಸ ಯೋಜನೆಗಳಿಗೂ ಅದೇ ಅಂಕಿ ಅನ್ವಯಿಸುತ್ತದೆ ಎನ್ನಲಾಗದು. ಆದರೂ ವೇಗದ ಅನಿಸಿಕೆಗೂ ವೇಗಕ್ಕೂ ನಡುವೆ ಇಷ್ಟು ಅಂತರ ಇರಬಹುದು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಇನ್ನು ಉದ್ಯೋಗದ ಪ್ರಶ್ನೆ. ‘ಫ್ರೆಶರ್‌ಗಳಿಗೆ ಏನೂ ಆಗಿಲ್ಲ, ಎಲ್ಲ ಪತ್ರಿಕೆಗಳ ಗದ್ದಲ’ ಎನ್ನುವವರ ಸಮಾಧಾನಕ್ಕೆ ಆಧಾರ ಕಡಿಮೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2025ರ ಆಗಸ್ಟ್‌ನಲ್ಲಿ ಅಮೆರಿಕದ ವೇತನ ದಾಖಲೆಗಳನ್ನು ಪರಿಶೀಲಿಸಿದಾಗ, ಎಐ ಪ್ರಭಾವಕ್ಕೆ ಹೆಚ್ಚು ಒಳಗಾದ ವೃತ್ತಿಗಳಲ್ಲಿ 22ರಿಂದ 25 ವರ್ಷ ವಯಸ್ಸಿನವರ ಉದ್ಯೋಗ ಇತರರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿತ್ತು, ಅದೇ ವೃತ್ತಿಗಳಲ್ಲಿದ್ದ ಹಿರಿಯರ ಉದ್ಯೋಗ ಸ್ಥಿರವಾಗಿತ್ತು ಅಥವಾ ಹೆಚ್ಚಿತ್ತು. ಕೋವಿಡ್ ಕಾಲದಲ್ಲಿ ಕಂಪನಿಗಳು ಮಿತಿಮೀರಿ ನೇಮಿಸಿಕೊಂಡದ್ದು, ನಂತರ ಅಮೆರಿಕದಲ್ಲಿ ಬಡ್ಡಿದರ ಏರಿದ್ದು ಇವೂ ಕಾರಣಗಳಾಗಿದ್ದು, ಎಲ್ಲವನ್ನೂ ಎಐ ತಲೆಗೆ ಕಟ್ಟುವುದು ಸುಲಭದ ದಾರಿಯಷ್ಟೇ.

ಭಾರತದ ಐಟಿ ಸೇವಾ ಕಂಪನಿಗಳ ಮಟ್ಟಿಗೆ ಪೆಟ್ಟು ಬೀಳುವ ಜಾಗ ಇನ್ನಷ್ಟು ನಿರ್ದಿಷ್ಟವಾಗಿದೆ. ಈ ಕಂಪನಿಗಳು ಹಲವು ದಶಕಗಳ ಕಾಲ ವಿದೇಶಿ ಕ್ಲೈಂಟ್‌ಗಳಿಂದ ಜನರ ಸಂಖ್ಯೆ ಮತ್ತು ದುಡಿದ ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುತ್ತ ಬಂದವು. ಆ ಲೆಕ್ಕದ ಬುಡದಲ್ಲಿ ಕ್ಯಾಂಪಸ್‌ನಿಂದ ಸಾವಿರಾರು ಸಂಖ್ಯೆಯಲ್ಲಿ ಬಂದು, ಇನ್ಫೋಸಿಸ್‌ನ ಮೈಸೂರು ಆವರಣದಂಥ ಕಡೆಗಳಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು, ಕೆಲವು ಕಾಲ ‘ಬೆಂಚ್’ ಮೇಲೆ, ಎಂದರೆ ಪ್ರಾಜೆಕ್ಟ್ ಸಿಗದೆ ಸಂಬಳದ ಮೇಲೆ, ಕಾದು ಕೆಲಸಕ್ಕಿಳಿಯುವ ಫ್ರೆಶರ್‌ಗಳಿದ್ದರು. ಅವರ ಪಾಲಿಗೆ ಬರುತ್ತಿದ್ದುದು ಚಿಕ್ಕ ಬಗ್ ತಿದ್ದುವುದು, ಪರೀಕ್ಷೆಗಳನ್ನು ಬರೆಯುವುದು, ಹಳೆಯ ಕೋಡ್‌ನ ನಕಲನ್ನು ಅಲ್ಪಸ್ವಲ್ಪ ಬದಲಿಸಿ ಹೊಸ ಪರದೆಗೆ ಹೊಂದಿಸುವುದು ಮುಂತಾದ ಕೆಲಸ. ನೋಡಲು ನೀರಸವಾದ ಈ ಕೆಲಸದಲ್ಲೇ ಅವರು ದೊಡ್ಡ ತಂತ್ರಾಂಶವೊಂದು ಹೇಗೆ ಕೂಡಿಕೊಂಡಿರುತ್ತದೆ, ಎಲ್ಲಿ ಮುಟ್ಟಿದರೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಸಂಬಳ ಪಡೆಯುತ್ತಲೇ ಕಲಿಯುತ್ತಿದ್ದರು. ಯಂತ್ರ ಇಂದು ಎಲ್ಲಕ್ಕಿಂತ ಚೆನ್ನಾಗಿ ಮಾಡುವುದು ಇದೇ ಕೆಲಸವನ್ನು. ಹೀಗಾಗಿ ಪ್ರೋಗ್ರಾಮಿಂಗ್ ಜ್ಞಾನ ಅನಗತ್ಯವಾಯಿತು ಎಂಬ ನಿರ್ಣಯ ವಸ್ತುಸ್ಥಿತಿಗೆ ತದ್ವಿರುದ್ಧ: ಹಿಂದೆ ಕೆಲಸಕ್ಕೆ ಸೇರಿದ ಎರಡು ವರ್ಷಗಳ ನಂತರ ಬಂದರೆ ಸಾಕಿದ್ದ ಜ್ಞಾನವನ್ನು ಈಗ ಸೇರುವ ದಿನವೇ ನಿರೀಕ್ಷಿಸಲಾಗುತ್ತಿದೆ, ಅದನ್ನು ಕಲಿಸುತ್ತಿದ್ದ ಕೆಲಸ ಮಾತ್ರ ಕಡಿಮೆಯಾಗಿದೆ. ಬಹುರಾಷ್ಟ್ರೀಯ ಕಂಪನಿಗಳು ಬೆಂಗಳೂರಿನಲ್ಲಿ ತೆರೆದಿರುವ ಸ್ವಂತ ತಾಂತ್ರಿಕ ಕಚೇರಿಗಳು ಉದ್ಯೋಗದ ಹೊಸ ಬಾಗಿಲುಗಳೆಂಬುದು ನಿಜವಾದರೂ, ಅವು ಒಮ್ಮೆಗೇ ಸಾವಿರ ಫ್ರೆಶರ್‌ಗಳನ್ನು ಕರೆದುಕೊಳ್ಳುವ ಪದ್ಧತಿಯವಲ್ಲ.

ಈ ಬಿಕ್ಕಟ್ಟಿನಿಂದ ಪಾರಾಗಲು ‘ಪ್ರಾಂಪ್ಟ್ ಎಂಜಿನಿಯರಿಂಗ್’ ಕೋರ್ಸ್ ಸಾಕು ಎಂಬುದು ಎರಡನೆಯ ನಂಬಿಕೆಯ ಸಾರ. ಪ್ರಾಂಪ್ಟ್ ಎಂದರೆ ಮಾದರಿಗೆ ಕೊಡುವ ಸೂಚನೆ. ಅದನ್ನು ಸ್ಪಷ್ಟವಾಗಿ ಬರೆಯುವುದು ಉಪಯುಕ್ತ ಅಭ್ಯಾಸವೇ ಹೊರತು ಸ್ವತಂತ್ರ ವೃತ್ತಿಯಾಗಿ ನಿಲ್ಲುವಷ್ಟು ಆಳ ಅದಕ್ಕಿಲ್ಲ, ಮಾದರಿಗಳು ಸುಧಾರಿಸಿದಂತೆ ಅದರ ಸೂತ್ರಗಳು ಬೇಗ ಹಳತಾಗುತ್ತವೆ. ಎಐ ಕ್ಷೇತ್ರಕ್ಕೆ ಪಿಎಚ್‌.ಡಿ. ಬೇಕೇಬೇಕು ಎಂಬ ಹೆದರಿಕೆಯೂ ಅಷ್ಟೇ ಆಧಾರಹೀನ. ಹೊಸ ಮಾದರಿಗಳನ್ನು ರೂಪಿಸುವ ಸಂಶೋಧಕರಿಗೆ ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆಗಳ ಆಳವಾದ ಅಭ್ಯಾಸ ಬೇಕು. ಸಿದ್ಧ ಮಾದರಿಯನ್ನು ಬ್ಯಾಂಕಿನ ಅಥವಾ ಆಸ್ಪತ್ರೆಯ ವ್ಯವಸ್ಥೆಗೆ ಜೋಡಿಸಿ, ಅದರ ಉತ್ತರಗಳನ್ನು ಅಳೆದು, ಖರ್ಚನ್ನು ಹತೋಟಿಯಲ್ಲಿಡುವವರಿಗೆ ಬೇಕಾಗುವುದು ಡೇಟಾಬೇಸ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಸುರಕ್ಷತೆ ಎಂಬ ಹಳೆಯ ವಿಷಯಗಳ ಗಟ್ಟಿ ತಿಳಿವಳಿಕೆ, ಅಂದರೆ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿಗೆಂದು ಉಳಿಸಿಕೊಳ್ಳುವ ಪತ್ರಿಕೆಗಳು.

ಸುರಕ್ಷತೆಯ ಪ್ರಸ್ತಾಪ ಬಂದಾಗ ಇನ್ನೊಂದು ಅಪಾಯವನ್ನು ಹೇಳಬೇಕು. ಪ್ರೋಗ್ರಾಮರುಗಳು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ ಕಟ್ಟುಗಳನ್ನು ಅಂತರ್ಜಾಲದ ಭಂಡಾರಗಳಿಂದ ಹೆಸರು ಹೇಳಿ ಇಳಿಸಿಕೊಳ್ಳುತ್ತಾರೆ. ಭಾಷಾ ಮಾದರಿಗಳು ಕೆಲವೊಮ್ಮೆ ಅಸ್ತಿತ್ವದಲ್ಲೇ ಇಲ್ಲದ ಕಟ್ಟಿನ ಹೆಸರನ್ನು ಸಹಜವೆಂಬಂತೆ ಸೂಚಿಸುತ್ತವೆ. ಅಂಥ ಹೆಸರನ್ನು ಮೊದಲೇ ಊಹಿಸಿದ ಕಿಡಿಗೇಡಿಗಳು ಅದೇ ಹೆಸರಿನಲ್ಲಿ ದುರುದ್ದೇಶದ ಕೋಡ್ ಇಟ್ಟು ಕಾಯಬಹುದು, ಮತ್ತು ಪರಿಶೀಲಿಸದೆ ಇಳಿಸಿಕೊಂಡವರ ಕಂಪ್ಯೂಟರಿಗೆ ಅದು ರಾಜಮರ್ಯಾದೆಯಿಂದಲೇ ಪ್ರವೇಶಿಸುತ್ತದೆ.

ಯಂತ್ರದಿಂದ ಬರೆಸಿದ ಪ್ರಾಜೆಕ್ಟ್‌ಗಳನ್ನು ರೆಸ್ಯೂಮೆಯಲ್ಲಿ ಸಾಲಾಗಿ ತೋರಿಸಿದರೆ ಸಂದರ್ಶನ ದಾಟಬಹುದೆಂಬ ಲೆಕ್ಕಾಚಾರವೂ ಈಗ ಹೊಂದುತ್ತಿಲ್ಲ. ಆನ್‌ಲೈನ್ ಸಂದರ್ಶನಗಳಲ್ಲಿ ಅಭ್ಯರ್ಥಿಗಳು ಎಐ ನೋಡಿ ಉತ್ತರಿಸುವುದು ಹೆಚ್ಚಿದ ಕಾರಣ, ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿಯಾಗಿ ನಡೆಸುವುದಾಗಿ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ತಿಳಿಸಿದ್ದಾರೆ. ಅಂಥ ಸುತ್ತಿನಲ್ಲಿ ಅಭ್ಯರ್ಥಿಯ ಪ್ರಾಜೆಕ್ಟನ್ನೇ ತೆರೆದು, ಈ ಸಾಲನ್ನು ಅಳಿಸಿದರೆ ಏನಾಗುತ್ತದೆ, ಇಲ್ಲಿ ಕನ್ನಡದ ಹೆಸರು ಬಂದರೆ ಏನಾಗುತ್ತದೆ ಎಂದು ಕೇಳಿದಾಗ ಬೋರ್ಡಿನ ಮುಂದೆ ನಿಂತು ಉತ್ತರಿಸಬೇಕಾದವನು ಅಭ್ಯರ್ಥಿಯೊಬ್ಬನೇ.