ಬಲೆ ಹೊತ್ತವರ ಹೊಟ್ಟೆಪಾಡು

ಯುಗಾದಿಯ ಮರುದಿನ ಮಸ್ಕಿ ಬಿಟ್ಟು ಲಿಂಗಸುಗೂರಿನ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಹೊಲಗಳು ಬರಿದೋ ಬರಿದು. ತೊಗರಿ ಕೊಯ್ದಾಗಿದೆ, ಕಡಲೆ ಕಿತ್ತಾಗಿದೆ, ಎರೆ ನೆಲ ಕೈ ತೂರುವಷ್ಟು ಬಿರುಕು ಬಿಟ್ಟಿದೆ. ಬದುವಿನುದ್ದಕ್ಕೂ ಜಾಲಿ, ಅದರಾಚೆ ಬೋಳು ಬಂಡೆಗಳ ಗುಡ್ಡ. ಬೆಳಗಿನ ಏಳಕ್ಕೇ ಬಿಸಿಲು ಚುರುಗುಟ್ಟುವ ಈ ಬಯಲಲ್ಲಿ ಇಪ್ಪತ್ತು ಮೂವತ್ತು ಗಂಡಸರು ಸಾಲು ಹಿಡಿದು ನಡೆಯುತ್ತಿದ್ದಾರೆಂದರೆ ಅವರು ಕೂಲಿಗೆ ಹೊರಟವರಲ್ಲ, ಜಾತ್ರೆಗೆ ಹೊರಟವರೂ ಅಲ್ಲ. ಹೆಗಲ ಮೇಲೆ ಸುತ್ತಿದ ಬಲೆ, ಕೈಯಲ್ಲಿ ಬಡಿಗೆ, ಹಿಂದೆ ಮುಂದೆ ಸುಳಿಯುವ ಸೊಂಟ ಸಣ್ಣನೆಯ ನಾಯಿಗಳು. ನಿನ್ನೆ ಹೋಳಿಗೆ ಉಂಡವರು ಇವತ್ತು ಬ್ಯಾಟಿಗೆ ಹೊರಟಿದ್ದಾರೆ.

ಬ್ಯಾಟಿ ಎಂದರೆ ಹುಲಿ ಚಿರತೆಯನ್ನೆಲ್ಲ ನೆನೆಯಬೇಕಿಲ್ಲ. ಇವರು ಹುಡುಕುತ್ತಿರುವುದು ಮೊಲವನ್ನು, ಇವರ ಬಾಯಲ್ಲಿ ‘ಮಲ’. ಸಿಕ್ಕರೆ ಸಂಜೆ ಊರಲ್ಲಿ ಹಲಗೆ ಬಾರಿಸಿ ಮೆರವಣಿಗೆ. ಸಿಗದಿದ್ದರೆ ಕಾಲುನೋವು, ಮನೆಯಲ್ಲಿ ಹೆಂಗಸರ ನಗು.

ಸಾಲಿನ ಮುಂದೆ ಒಬ್ಬ ಹಿರಿಯ. ತಲೆಗೆ ಟವೆಲ್ಲು, ಕಾಲಿಗೆ ಟೈರಿನ ಚಪ್ಪಲಿ. ಉಳಿದವರು ಗದ್ದಲ ಮಾಡುತ್ತ ಬರುತ್ತಿದ್ದರೆ ಈತ ಮಾತ್ರ ನೆಲ ನೋಡುತ್ತ ನಡೆಯುತ್ತಾನೆ. ಒಂದು ಬದುವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಕ್ಕೆಯೊಂದನ್ನು ಎತ್ತಿ ಬೆರಳಲ್ಲಿ ಮುರಿಯುತ್ತಾನೆ. ಒಳಗಿನ್ನೂ ಹಸಿರು. “ಹಸಿ ಐತಿ. ರಾತ್ರಿ ಇಲ್ಲೇ ಮೇದೈತಿ.” ನಮ್ಮ ಕಡೆಯ ಮೊಲ ಬಿಲ ತೋಡುವುದಿಲ್ಲ. ಪೊದೆಯ ಅಡಿಯಲ್ಲೋ ಹುಲ್ಲಿನ ಮರೆಯಲ್ಲೋ ತನ್ನ ಮೈಯಳತೆಯ ತಗ್ಗೊಂದನ್ನು ಮಾಡಿಕೊಂಡು ಹಗಲಿಡೀ ಅಲ್ಲೇ ಮಲಗಿರುತ್ತದೆ. ಕಾಲ ಬಳಿ ಬಂದರೂ ಮಿಸುಕದು, ಇನ್ನೇನು ತುಳಿದೇವು ಎಂದಾಗ ಚಿಮ್ಮುತ್ತದೆ. ಹಿಂಗಾಲು ಉದ್ದವಾದ್ದರಿಂದ ಏರು ಕಂಡರೆ ಅದಕ್ಕೆ ಜೀವ ಬಂದಂತೆ, ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಬಲೆ ಯಾವ ಕಡೆ ಕಟ್ಟಬೇಕು, ಯಾವ ಕಡೆಯಿಂದ ಕೂಗಬೇಕು ಎಂಬುದರಲ್ಲೇ ಈ ವಿದ್ಯೆಯೆಲ್ಲ ಅಡಗಿದೆ. ಹಿರಿಯ ಕೈ ಬೀಸಿ ತೋರಿಸುತ್ತಾನೆ. ಹುಡುಗರು ನೈಲಾನ್ ಬಲೆಯನ್ನು ಗೂಟಕ್ಕೆ ಸಡಿಲವಾಗಿ ಸಿಕ್ಕಿಸುತ್ತಾರೆ. ಬಿಗಿದು ಕಟ್ಟಿದರೆ ಮೊಲ ಪುಟಿದು ಹೊರಬೀಳುತ್ತದಂತೆ, ಸಡಿಲವಿದ್ದರೆ ಬಲೆ ಅದರ ಮೇಲೇ ಕವುಚಿಕೊಳ್ಳುತ್ತದೆ.

ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಮಾತಿಗೆ ಪುರುಸೊತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. “ಕಾಕಾ, ಹೊಟ್ಟಿಗಿ ಏನ್ ಮಾಡ್ತೀರಿ?” ಎಂದರೆ ಹಿರಿಯ ನಗುತ್ತಾನೆ. “ಹೊಟ್ಟಿಗೇನ್ರೀ ಸರ, ನಾಕು ಎಕರೆ ಒಣಭೂಮಿ ಐತಿ. ಮಳಿ ಬಂದ್ರ ತೊಗರಿ, ಬರಲಿಲ್ಲಂದ್ರ ಬೆಂಗಳೂರು.” ಬೆಂಗಳೂರು ಎಂದರೆ ಗುಳೆ: ಸೆಂಟ್ರಿಂಗ್ ಕೆಲಸ, ಶೀಟಿನ ಗುಡಿಸಲು. ಪಕ್ಕದಲ್ಲಿ ನಾಯಿಗೆ ರೊಟ್ಟಿ ಮುರಿದು ಹಾಕುತ್ತಿದ್ದವನು ಸಿಂಧನೂರು ಸೀಮೆಯಲ್ಲಿ ಭತ್ತದ ಕಟಾವು ಯಂತ್ರ ಓಡಿಸುತ್ತಾನೆ. ಅವನಾಚೆಯವನು ಹಟ್ಟಿ ಚಿನ್ನದ ಗಣಿಯಲ್ಲಿ ಗುತ್ತಿಗೆ ಕೆಲಸದವನು, ಪಾಳಿ ಬಂದಾಗ ನೆಲದೊಳಗೆ ಇಳಿಯುವವನು. ಬಲೆ ಸುತ್ತುತ್ತಿರುವ ಇಬ್ಬರಲ್ಲಿ ಒಬ್ಬನಿಗೆ ಮೊಬೈಲ್ ಅಂಗಡಿ, ಇನ್ನೊಬ್ಬನಿಗೆ ಕೂಲಿ ಹೆಣ್ಣುಮಕ್ಕಳನ್ನು ನಾಟಿಗೆ ಸಾಗಿಸುವ ಟಂಟಂ. ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಹುಡುಗನೂ ಇದ್ದಾನೆ, ಫೋಟೊದಲ್ಲಿ ಮುಖ ಬಾರದಂತೆ ಜಾಗ ನೋಡಿ ಕೂತಿದ್ದಾನೆ.

ಬೇಟೆಯನ್ನೇ ಉಂಡು ಬದುಕುವವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ.

ಇದು ಬೇಡ ನಾಯಕರ ಸೀಮೆ. ಮಸ್ಕಿ ವಿಧಾನಸಭಾ ಕ್ಷೇತ್ರವೂ ರಾಯಚೂರು ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದು ಅದಕ್ಕೇ. ಕೃಷ್ಣೆಯ ಆಚೆ ದಂಡೆಯ ಸುರಪುರ ಬೇಡರ ಸಂಸ್ಥಾನ. ಬೇಡನಿಗೆ ಬೇಟೆ ಎಷ್ಟು ಕಸುಬೋ ದಂಡಿನ ಚಾಕರಿಯೂ ಅಷ್ಟೇ ಕಸುಬು. ಗುರಿ ಹಿಡಿಯಲು, ಕತ್ತಲಲ್ಲಿ ನಡೆಯಲು ಬಲ್ಲವನಿಗೆ ಯಾವ ಸುಲ್ತಾನನ ಸೈನ್ಯದಲ್ಲೂ ಜಾಗವಿತ್ತು. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತದ್ದು ಬರಿಯ ಪೌರುಷವಲ್ಲ, ಆಯುಧ ಹೋದರೆ ಅನ್ನವೂ ಹೋಗುತ್ತಿತ್ತು. ಮರುವರ್ಷ ಬ್ರಿಟಿಷರ ವಿರುದ್ಧ ದಂಗೆಯೆದ್ದ ಸುರಪುರದ ವೆಂಕಟಪ್ಪ ನಾಯಕನ ಕಥೆಯೂ ಮುಗಿಯಿತು. ಆ ಅರಸನನ್ನು ಬಾಲ್ಯದಿಂದ ಬಲ್ಲವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಲಿಂಗಸುಗೂರು ಆಗ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟ ಊರು. ಟೇಲರ್ ಸ್ವತಃ ಶಿಕಾರಿಯವನು. ಆದರೆ ಸಾಹೇಬನಿಗೆ ಬೇಟೆ ರಜೆಯ ಮೋಜು, ಬೇಡನಿಗೆ ದಿನದ ಗಂಜಿ. ಈಗ ಬೇಡನಿಗೂ ಅದು ರಜೆಯ ಮೋಜು.

ಈ ಬದಲಾವಣೆ ತಂದದ್ದು ಕಾನೂನು ಒಂದೇ ಅಲ್ಲ, ಅದಕ್ಕೂ ಮೊದಲು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ನಾಲೆ ಸಿಂಧನೂರಿನ ಎರೆ ಹೊಲಗಳಿಗೆ ಹರಿಯಿತು. ಜೋಳ, ಹತ್ತಿ ಬೆಳೆದು, ಮೊಲ ಕೌಜಗ ಅಡಗಿಸಿಕೊಂಡಿದ್ದ ಬಯಲು ಭತ್ತದ ಮಡಿಗಳಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರವೇ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪು ಮಾಡಿಕೊಟ್ಟಿತು. ಇಂದು ಅಲ್ಲಿ ಮೀನಿನ ಬಲೆ ಹೆಣೆಯುವ ಕೈಗಳೂ ಇವೆ. ಮೊಲದ ಬಲೆ ಹೊತ್ತವನ ಮಕ್ಕಳು ನಾಲೆಗುಂಟ ಕೆಲಸ ಕಂಡುಕೊಂಡರು: ನೀರುಗಂಟಿ, ಹಮಾಲಿ, ಅಕ್ಕಿ ಗಿರಣಿ, ಟ್ರ್ಯಾಕ್ಟರು. ಸುಗ್ಗಿ ಮುಗಿದ ಗದ್ದೆಗಳಲ್ಲಿ ಬಾತುಕೋಳಿ ಹಿಂಡು ಮೇಯಿಸುವವರು, ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿ ಕುರಿ ತರುಬುವ ಕುರುಬರು — ಬಯಲಲ್ಲೇ ಉಂಡು ಬಯಲಲ್ಲೇ ಮಲಗುವವರು ಇಂದಿಗೂ ಇದ್ದಾರೆ. ಬೇಟೆಗಾರ ಮಾತ್ರ ಆ ಪಟ್ಟಿಯಿಂದ ಜಾರಿದ. ಹಳೆಯ ವಿದ್ಯೆಗೆ ಕೂಲಿ ಸಿಗುವ ಕೆಲಸ ಒಂದೇ ಉಳಿದಂತಿದೆ: ಕಾಡುಹಂದಿಯ ಕಾಟವಿರುವ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಬ್ಯಾಟರಿ ಹಿಡಿದು, ರಾತ್ರಿಯಿಡೀ ಡಬ್ಬ ಬಡಿಯುವ ಕಾವಲು.

ಎಲ್ಲ ಬೇಟೆಗಾರರಿಗೂ ನಾಲೆ ಸಿಗಲಿಲ್ಲ. ಹಕ್ಕಿಪಿಕ್ಕಿಗಳನ್ನೇ ನೋಡಿ. ಹಕ್ಕಿ ಹಿಡಿಯುವುದು ಅಪರಾಧವಾದ ಮೇಲೆ ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗದ ಕಡೆಯ ಮಂದಿ ಕೂದಲೆಣ್ಣೆ, ಗಿಡಮೂಲಿಕೆ ಹಿಡಿದು ಊರೂರು ತಿರುಗಿ ಕೊನೆಗೆ ಆಫ್ರಿಕಾ ಮುಟ್ಟಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದು, ‘ಆಪರೇಷನ್ ಕಾವೇರಿ’ಯಲ್ಲಿ ಮರಳಿದವರಲ್ಲಿ ಇವರೂ ಇದ್ದರು. ಬಲೆ ಕೆಳಗಿಟ್ಟವನು ಎಲ್ಲಿಯವರೆಗೆ ಅಲೆಯಬೇಕಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಸ್ಕಿಯ ಗುಡ್ಡದಲ್ಲಿ ಇನ್ನೊಬ್ಬ ಬೇಟೆ ಬಿಟ್ಟವನ ಹೆಸರಿದೆ. ಚಿನ್ನದ ಅದಿರು ಹುಡುಕುತ್ತ ಕಲ್ಲುಗುಡ್ಡ ಸುತ್ತುವುದನ್ನೇ ಕಸುಬು ಮಾಡಿಕೊಂಡಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಕಂಡ ಬಂಡೆಯ ಶಾಸನ ಅದು. ಅದುವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ಕಾಣಿಸುತ್ತಿದ್ದ ದೊರೆ ಅಶೋಕನೇ ಎಂಬುದನ್ನು ಗಟ್ಟಿ ಮಾಡಿದ್ದು ಈ ಬಂಡೆ. ದೊರೆಗಳ ಬೇಟೆಯ ಪಯಣ ನಿಲ್ಲಿಸಿ ಧರ್ಮಯಾತ್ರೆ ಹೊರಟೆ ಎಂದು ಅವನು ಬೇರೆಡೆಯ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಫ್ಗಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಶಾಸನದಲ್ಲಿ ಅರಸನ ಬೇಟೆಗಾರರೂ ಬೆಸ್ತರೂ ಕಸುಬು ಬಿಟ್ಟರು ಎಂಬ ಮಾತೂ ಇದೆ. ಬಿಟ್ಟು ಏನು ಮಾಡಿದರು, ಮನೆ ಹೇಗೆ ನಡೆಸಿದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಅರಸರ ಆಜ್ಞೆಗಳಿಗೆ ಆ ವಿವರ ಎಂದೂ ಬೇಕಾಗಿಲ್ಲ.

ನಮ್ಮ ಕಾಲದ ಆಜ್ಞೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆ ಒಡ್ಡುವುದು, ಅದಕ್ಕೆ ಯತ್ನಿಸುವುದು ಕೂಡ ಅದರ ಕಣ್ಣಿಗೆ ಬೇಟೆಯೇ. ಬೇವಿನ ನೆರಳಲ್ಲಿ ಕೂತವರಿಗೆ ಇದು ಗೊತ್ತಿಲ್ಲದ್ದಲ್ಲ. 2025ರ ಯುಗಾದಿಯಲ್ಲಿ ಸಿಂಧನೂರು ಕಡೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳ ಮೆರವಣಿಗೆಯ ವಿಡಿಯೊ ಹರಿದಾಡಿ, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿ, ಸುದ್ದಿ ರಾಜ್ಯವೆಲ್ಲ ಹಬ್ಬಿತು. ಅಂದಿನಿಂದ ಮೊಬೈಲ್ ಎತ್ತಿದರೆ ಮುಖ ತಿರುಗಿಸುವವರು ಹೆಚ್ಚು. “ನಮ್ಮ ಅಪ್ಪಾರ ಕಾಲದಾಗ ಪದ್ಧತಿ ಇತ್ರೀ, ನಮ್ಮ ಕಾಲದಾಗ ಕೇಸ್ ಆತು” ಎನ್ನುತ್ತಾನೆ ಕಟಾವು ಯಂತ್ರದವನು. ಅವನ ಬೇಸರ ಅರ್ಥವಾಗುತ್ತದೆ, ಒಪ್ಪಲು ಮಾತ್ರ ಆಗದು. ಹೊಟ್ಟೆಗಾಗಿ ಕೊಂದವನ ಪರವಾಗಿ ಒಂದು ಮಾತು ಆಡಬಹುದಿತ್ತು. ತಿಂಗಳ ಸಂಬಳ, ರೇಷನ್ ಅಕ್ಕಿ ಎರಡೂ ಇರುವಾಗ ಮೆರವಣಿಗೆಗಾಗಿ ಮೊಲ ಸಾಯಬೇಕಿಲ್ಲ. ಗದ್ದೆ, ಬಡಾವಣೆ, ಕ್ವಾರಿ ತಿಂದು ಉಳಿದ ಚೂರುಪಾರು ಕುರುಚಲಲ್ಲಿ ಅದು ಈಗಲೇ ಉಸಿರು ಹಿಡಿದು ಬದುಕಿದೆ.

ಆದರೆ ಹಿಕ್ಕೆ ಮುರಿದು ರಾತ್ರಿಯ ಸುದ್ದಿ ಹೇಳುವ ಆ ಹಿರಿಯನ ಕಣ್ಣಿದೆಯಲ್ಲ, ಅದು ವ್ಯರ್ಥವಾಗಬಾರದು. ಸಿಂಧನೂರಿನಿಂದ ದೂರವಿಲ್ಲದ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ. ತೋಳ ಇರುವಲ್ಲಿ ಮೊಲ ಇರಲೇಬೇಕು, ಮೊಲದ ಲೆಕ್ಕ ಬಲ್ಲವರೂ ಬೇಕು. ಅರಣ್ಯ ಇಲಾಖೆ ಯುಗಾದಿಯ ಮರುದಿನ ಮಸ್ಕಿ ಲಿಂಗಸುಗೂರು ಸೀಮೆಗೆ ಕೇಸಿನ ಪುಸ್ತಕ ಹಿಡಿದು ಬರುವುದು ಸರಿಯೇ. ಅದರ ಜೊತೆಗೆ ಕಾವಲುಗಾರರ ನೇಮಕದ ಅರ್ಜಿಗಳನ್ನೂ ತರಲಿ.